ಬಿಳಿ ಟೇಬಲ್ಲು, ಬಿಳಿ ಕಪಾಟು ಮತ್ತು ಮೆಲಮೈನ್ ಸ್ಪಂಜು

ಮೆಲಮೈನ್ ಸ್ಪಂಜು ಒಳ್ಳೆಯ ವಸ್ತು. ಮನೆಯಲ್ಲಿ ಒಂದು ಪ್ಯಾಕ್ ಇರಲಿ ಅಂತಲೇ ಹೇಳುತ್ತೇನೆ. ಬಿಳಿ ಇಟ್ಟಿಗೆಯ ಆಕಾರದಲ್ಲಿ, ತೂಕವೇ ಇಲ್ಲದೆ, ಒಣಗಿದ್ದಾಗ ಸ್ವಲ್ಪ ಗರಗರ ಅನ್ನಿಸುವ ಸ್ಪಂಜು ಇದು. ಒದ್ದೆ ಮಾಡಿ ಉಜ್ಜಿದರೆ ಸಾಕು, ಸೋಪು ಬೇಡ, ಬಿಳಿ ಪೀಠೋಪಕರಣ ಹೊಸದಾಗುತ್ತದೆ ಅಂತ ಪ್ಯಾಕ್ ಮೇಲೆ ಬರೆದಿರುತ್ತಾರೆ. ಆ ಮಾತಿನಲ್ಲಿ ಅರ್ಧ ನಿಜ ಇದೆ. ಯಾವ ಅರ್ಧ ಅಂತ ಗೊತ್ತಿಲ್ಲದೆ ಉಜ್ಜಲು ಕೂತರೆ ಮಾತ್ರ ಕಷ್ಟ. ಬಿಳಿ ಅನ್ನೋದು ಬರೀ ಬಣ್ಣ. ಆ ಬಿಳಿ ಮೈಕಾದ್ದಾ, ಪೇಂಟಿನದ್ದಾ, ಅಕ್ರಿಲಿಕ್ಕಾ, ಪ್ಲಾಸ್ಟಿಕ್ಕಾ, ರೆಕ್ಸಿನ್ನಾ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ನಮ್ಮ ಮನೆಯಲ್ಲಿ ಈ ಐದೂ ಇವೆ. ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವ ಕೋಣೆಯಲ್ಲಿ ಉದ್ದನೆಯ ಬಿಳಿ ಮೈಕಾ ಟೇಬಲ್ಲು. ಅದರ ಪಕ್ಕದಲ್ಲಿ ಬಣ್ಣ, ಕಾಗದ ಇಡುವ ಕಪಾಟು, ಅದು ಗ್ಲಾಸಿ ಪೇಂಟಿನದು. ಮಲಗುವ ಕೋಣೆಯ ವಾರ್ಡ್‌ರೋಬಿಗೆ ಅಕ್ರಿಲಿಕ್ ಬಾಗಿಲು. ಹಾಲಿನಲ್ಲಿ ರೆಕ್ಸಿನ್ ಸೋಫಾ. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳು. ಬಿಳಿಯೇ ಬೇಕು ಅಂತ ಹಟ ಹಿಡಿದವಳು ನಾನು. ಬಣ್ಣ ಕಲಿಸುವ ಕಡೆ ಟೇಬಲ್ ಬಿಳಿ ಇದ್ದರೆ ಕಾಗದದ ಮೇಲಿನ ಬಣ್ಣ ಇದ್ದ ಹಾಗೆ ಕಾಣುತ್ತದೆ. ಕಂದು ಟೇಬಲ್ಲಿನ ಮೇಲಿಟ್ಟರೆ ಅದೇ ನೀಲಿ ಬೇರೆಯೇ ಕಾಣುತ್ತದೆ. ಆದ್ದರಿಂದ ಆ ಟೇಬಲ್ಲಿನ ಬಿಳುಪು ನನಗೆ ಬರೀ ಚೆಂದದ ಮಾತಲ್ಲ, ಕೆಲಸದ ಮಾತು.

ಮೊದಲು ಈ ಸ್ಪಂಜು ಏನು ಅಂತ ಹೇಳಿಬಿಡುತ್ತೇನೆ. ಇದು ಗೊತ್ತಾದರೆ ಮುಂದಿನದು ತಾನಾಗಿಯೇ ಅರ್ಥವಾಗುತ್ತದೆ. ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡುವ ಒಂದು ಗಟ್ಟಿ ರಾಳವನ್ನು ನೊರೆ ಬರಿಸಿ, ಹಾಗೇ ಗಟ್ಟಿಯಾಗಲು ಬಿಟ್ಟರೆ ಈ ಫೋಮ್ ಸಿಗುತ್ತದೆ. ಜರ್ಮನಿಯ ಬಿಎಎಸ್ಎಫ್ ಕಂಪನಿ ಇದನ್ನು ಬ್ಯಾಸೊಟೆಕ್ಟ್ ಅನ್ನೋ ಹೆಸರಿನಲ್ಲಿ ಮಾಡುತ್ತದೆ. ಅದರ ಬಳಕೆ ನೋಡಿದರೆ ಆಶ್ಚರ್ಯವಾಗುತ್ತದೆ. ಸ್ಟುಡಿಯೋ ಗೋಡೆಗಳಲ್ಲಿ ಸದ್ದು ಹೀರಲು, ಪೈಪುಗಳ ಸುತ್ತ ಶಾಖ ತಡೆಯಲು ಹಾಕುವ ವಸ್ತು ಅದು. ಒಂದು ಘನ ಮೀಟರ್ ಫೋಮಿನ ತೂಕ ಸುಮಾರು 10 ಕಿಲೋ ಮಾತ್ರ. ಅಂದರೆ ಕೈಯಲ್ಲಿ ಹಿಡಿದಿರುವ ತುಂಡಿನಲ್ಲಿ ಶೇಕಡಾ 99ಕ್ಕಿಂತ ಜಾಸ್ತಿ ಬರೀ ಗಾಳಿ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 2003ರಲ್ಲಿ ಅಮೆರಿಕದಲ್ಲಿ ಇದೇ ಫೋಮನ್ನು ಮಿಸ್ಟರ್ ಕ್ಲೀನ್ ಮ್ಯಾಜಿಕ್ ಇರೇಸರ್ ಅಂತ ಮಾರಾಟಕ್ಕೆ ತಂದಿತು. ಈಗ ಎಷ್ಟೋ ಹೆಸರುಗಳಲ್ಲಿ, ಹೆಸರೇ ಇಲ್ಲದ ಪ್ಯಾಕುಗಳಲ್ಲೂ ಸಿಗುತ್ತದೆ. ನಾನು ಬಳಸುವುದು ಅಂಥದ್ದೇ ಒಂದು ಸಾದಾ ಪ್ಯಾಕು.

ಉಳಿದ ಶೇಕಡಾ ಒಂದು ಇದೆಯಲ್ಲ, ಆಟ ಇರೋದು ಅದರಲ್ಲಿ. ಗಾಳಿಯ ಗುಳ್ಳೆಗಳ ನಡುವೆ ರಾಳದ ಕೂದಲಿಗಿಂತ ಸಣ್ಣ ಎಳೆಗಳ ಬಲೆ ಇರುತ್ತದೆ. ಈ ಎಳೆಗಳು ಗಟ್ಟಿ. ಕೈಗೆ ಮೆತ್ತಗೆ ಅನ್ನಿಸುವುದು ಸ್ಪಂಜು ಬಾಗುವುದರಿಂದ. ರಾಳ ಮೆತ್ತಗಿದೆ ಅಂತಲ್ಲ. ಉಜ್ಜಿದಾಗ ಎಳೆಗಳು ಮುರಿಯುತ್ತಾ, ಹೊಸ ಹೊಸ ಚೂಪು ತುದಿ ಹೊರಗೆ ಬರುತ್ತಾ, ಕಲೆಯನ್ನು ಹೆರೆದು ತೆಗೆಯುತ್ತವೆ. ಹೆರೆದದ್ದು ಗುಳ್ಳೆಗಳ ಒಳಗೆ ತುಂಬಿಕೊಳ್ಳುತ್ತದೆ. ಇದನ್ನು ಸಾಮಾನ್ಯವಾಗಿ 3000ದಿಂದ 5000 ನಂಬರಿನ ಉಪ್ಪುಕಾಗದಕ್ಕೆ ಹೋಲಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಅಂದಮೇಲೆ ನೀವು ಕಲೆ ಒರೆಸುತ್ತಿಲ್ಲ. ಕಲೆಯ ಜೊತೆಗೆ ಮೇಲ್ಮೈಯ ಒಂದು ಅತಿ ತೆಳು ಪದರವನ್ನೂ ತೆಗೆಯುತ್ತಿದ್ದೀರಿ. ಈ ಸ್ಪಂಜಿನ ಎಲ್ಲ ಒಳ್ಳೆಯದಕ್ಕೂ ಎಲ್ಲ ಕೆಟ್ಟದ್ದಕ್ಕೂ ಕಾರಣ ಇದೊಂದೇ.

ಈಗ ಟೇಬಲ್ಲಿಗೆ ಬರೋಣ. ಮ್ಯಾಟ್ ಮೈಕಾ, ಬಿಳಿ, ಸುಮಾರು ಹಳೆಯದು. ದಿನಾ ಮಕ್ಕಳ ಮೊಣಕೈ ಅದರ ಮೇಲೆ. "ಮಿಸ್, ಟೇಬಲ್ ಮೇಲೆ ಹೋಯ್ತು" ಅನ್ನೋ ಮಾತು ಕೇಳದ ಕ್ಲಾಸಿಲ್ಲ. ಪೆನ್ಸಿಲ್ ಗೀಟಿಗೆ ಈ ಸ್ಪಂಜು ಬೇಕೇ ಇಲ್ಲ, ಒದ್ದೆ ಬಟ್ಟೆ ಸಾಕು. ಆದರೆ ಮಕ್ಕಳು ಒತ್ತಿ ಒತ್ತಿ ಶೇಡ್ ಮಾಡಿ ಕಾಗದದ ಅಂಚು ದಾಟಿದ 6ಬಿ ಅನ್ನೋ ಮೆತ್ತನೆ, ಕಡುಕಪ್ಪು ಪೆನ್ಸಿಲಿನ ಬೂದು ಮಚ್ಚೆ ಇದೆಯಲ್ಲ, ಅದು ಬಟ್ಟೆಗೆ ಹರಡಿಕೊಳ್ಳುತ್ತದೆ. ಸ್ಪಂಜಿಗೆ ಎರಡು ಸಲ ಕೈ ಆಡಿಸಿದರೆ ಹೋಗುತ್ತದೆ. ಚಪ್ಪಲಿಯ ಸೋಲು ತಾಗಿ ಟೇಬಲ್ ಕಾಲಿನ ಮೇಲೆ ಬಿದ್ದ ಕಪ್ಪು ಗೀಟುಗಳಿಗಂತೂ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಸೋಪಿಗೆ ಅಲ್ಲಾಡದ ರಬ್ಬರ್ ಗುರುತು, ಇದಕ್ಕೆ ಕ್ಷಣದಲ್ಲಿ ಮಾಯ.

ಬಣ್ಣದ ಮೇಣದ ಕಡ್ಡಿಯ ವಿಷಯ ಸ್ವಲ್ಪ ಬೇರೆ. ತೆಗೆಯುತ್ತದೆ, ಆದರೆ ಮೇಣ ಸ್ಪಂಜಿನ ಗುಳ್ಳೆಗಳಲ್ಲಿ ತುಂಬಿಕೊಂಡು ಅದೇ ಬಣ್ಣವನ್ನು ಪಕ್ಕಕ್ಕೆ ಬಳಿಯಲು ಶುರು ಮಾಡುತ್ತದೆ. ನಾನು ಮೊದಲು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ದಪ್ಪ ಮೇಣವನ್ನು ಮೆಲ್ಲಗೆ ಎಬ್ಬಿಸುತ್ತೇನೆ. ಆಮೇಲೆ ಬೆಚ್ಚಗಿನ ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಗೇ ಇಡುತ್ತೇನೆ. ಮೇಣ ಮೆತ್ತಗಾಗುತ್ತದೆ. ಅಷ್ಟಾದ ಮೇಲೆ ಸ್ಪಂಜಿಗೆ ಉಳಿಯುವ ಕೆಲಸ ಬಹಳ ಕಡಿಮೆ.

ಬಾಲ್‌ಪೆನ್ನಿನ ವಿಷಯದಲ್ಲಿ ಈ ಸ್ಪಂಜನ್ನು ಹೊಗಳುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಬಾಲ್‌ಪೆನ್ ಇಂಕು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದ ಬಣ್ಣ. ನೀರಿಗೆ ಬಿಡುವುದಿಲ್ಲ, ಸ್ಪಿರಿಟ್ಟಿಗೆ ಬಿಡುತ್ತದೆ. ಮೈಕಾಗೆ ಸ್ಪಿರಿಟ್ಟಿನಿಂದ ತೊಂದರೆ ಇಲ್ಲ. ಹತ್ತಿಯ ಉಂಡೆಗೆ ಸ್ವಲ್ಪ ಹಾಕಿ, ಗೀಟಿನ ಎರಡು ತುದಿಯಿಂದ ನಡುವಿಗೆ ಒತ್ತುತ್ತಾ ಬನ್ನಿ. ಉಜ್ಜಬೇಡಿ, ಒತ್ತಿ ಎತ್ತಿ, ಒತ್ತಿ ಎತ್ತಿ. ಪ್ರತಿ ಸಲ ಹತ್ತಿಯ ಹೊಸ ಮಗ್ಗುಲು. ನೀಲಿ ಹತ್ತಿಗೆ ಏರುವುದು ಕಣ್ಣಿಗೇ ಕಾಣುತ್ತದೆ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಪರ್ಮನೆಂಟ್ ಮಾರ್ಕರಿಗೂ ಇದೇ ದಾರಿ. ಮೇಲ್ಮೈಯ ಒಂದು ಎಳೆಯೂ ಸವೆಯದೆ ಹೋಗುವ ಕಲೆಗೆ ಹೆರೆಯುವ ಸ್ಪಂಜು ಯಾಕೆ ಹೇಳಿ?

ಮೈಕಾ ಬಗ್ಗೆ ಇನ್ನೊಂದು ಮಾತು. ಮೈಕಾ ಹಾಳೆಯ ಮೇಲಿನ ಪದರ ಗಟ್ಟಿಯಾಗಿರುವುದು ಅದರಲ್ಲೂ ಇದೇ ಮೆಲಮೈನ್ ರಾಳ ಇರುವುದರಿಂದ. ಅಂದರೆ ಇಲ್ಲಿ ಸ್ಪಂಜೂ ಟೇಬಲ್ಲೂ ಒಂದೇ ಜಾತಿ. ಹೆಚ್ಚುಕಡಿಮೆ ಸಮ ಗಟ್ಟಿಯ ಎರಡು ವಸ್ತು ಉಜ್ಜಿಕೊಂಡರೆ ಎರಡೂ ಸವೆಯುತ್ತವೆ. ಮ್ಯಾಟ್ ಮೈಕಾದಲ್ಲಿ ಇದು ಬೇಗ ಕಾಣುವುದಿಲ್ಲ. ಅಲ್ಲಿ ಹೊಳಪೇ ಇಲ್ಲವಲ್ಲ, ಕಳೆದುಕೊಳ್ಳಲು. ಆದರೂ ಒಂದೇ ಜಾಗವನ್ನು ಪದೇ ಪದೇ ಉಜ್ಜಿದರೆ ಆ ಜಾಗ ಉಲ್ಟಾ ಹೊಳೆಯಲು ಶುರುವಾಗುತ್ತದೆ, ಸುತ್ತಲಿನದು ಮ್ಯಾಟಾಗೇ ಉಳಿಯುತ್ತದೆ. ಗ್ಲಾಸಿ ಮೈಕಾದಲ್ಲಿ ಇದರ ವಿರುದ್ಧ. ಉಜ್ಜಿದ ಜಾಗ ಮಂಕಾಗುತ್ತದೆ, ಮತ್ತೆ ಹೊಳಪು ತರಿಸಲು ಆಗುವುದಿಲ್ಲ. ಮೈಕಾ ಹಾಳೆಯೇ ಒಂದು ಮಿಲಿಮೀಟರ್ ಆಸುಪಾಸು ದಪ್ಪ. ಅದರಲ್ಲಿ ಮೇಲಿನ ಪದರ ಎಷ್ಟು ತೆಳು ಇರಬಹುದು ಯೋಚಿಸಿ. ಪಾಲಿಶ್ ಹಿಡಿಯಲು ಅಲ್ಲಿ ಏನೂ ಇಲ್ಲ.

ಗ್ಲಾಸಿ ಪೇಂಟಿನ ಕಪಾಟಿನ ಮೇಲೆ ಸ್ಪಂಜು ಇಡುವ ಮೊದಲು ನಾನು ಬಾಗಿಲು ತೆರೆದು, ಕೀಲಿನ ಪಕ್ಕ, ಯಾರಿಗೂ ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿದೆ. ನಾಣ್ಯದಷ್ಟು ಜಾಗ. ಸ್ಪಂಜನ್ನು ಚೆನ್ನಾಗಿ ಒದ್ದೆ ಮಾಡಿ, ಹಿಂಡಿ, ಜೋರಿಲ್ಲದೆ ಉಜ್ಜಿದೆ. ಒರೆಸಿ ಎದುರಿಗೆ ನಿಂತು ನೋಡಿದರೆ ಏನೂ ಆಗಿಲ್ಲ ಅನ್ನಿಸಿತು. ಇಲ್ಲೇ ತುಂಬ ಜನ ನಿಲ್ಲಿಸಿಬಿಡುತ್ತಾರೆ. ನಾನು ಮೊಬೈಲಿನ ಟಾರ್ಚ್ ಹಾಕಿ ಬಾಗಿಲಿಗೆ ಒರಗಿಸಿದಂತೆ ಹಿಡಿದೆ, ಬೆಳಕು ಅಡ್ಡಡ್ಡ ಹರಿಯುವ ಹಾಗೆ. ಆಗ ಕಂಡಿತು. ಸುತ್ತಲೂ ಬೆಳಕು ಚೂಪಾಗಿ ಹೊಳೆಯುತ್ತಿದೆ. ಉಜ್ಜಿದ ಜಾಗದಲ್ಲಿ ಮಾತ್ರ ಅದೇ ಬೆಳಕು ಚದುರಿ ಹಾಲುಹಾಲಾಗಿದೆ. ಹತ್ತಿರದಿಂದ ನೋಡಿದರೆ ಕೈ ಸುತ್ತಿದ ದಿಕ್ಕಿನಲ್ಲೇ ಕೂದಲೆಳೆಯ ಗೀರುಗಳ ಸುತ್ತುಗಳು. ಬೆರಳಿಗೆ ಏನೂ ಸಿಗುವುದಿಲ್ಲ, ಬೆಳಕಿಗೆ ಎಲ್ಲಾ ಸಿಗುತ್ತದೆ. ಕಿಟಕಿಯ ಪಕ್ಕ ನಿಂತಿರುವ ಕಪಾಟಿನ ಮುಂಭಾಗದಲ್ಲಿ ಇದಾಗಿದ್ದರೆ ದಿನಾ ಬೆಳಗ್ಗೆ ಕಣ್ಣಿಗೆ ಕುಕ್ಕುತ್ತಿತ್ತು. ಆ ಕಪಾಟಿನ ಹೊರಮೈಗೆ ಈ ಸ್ಪಂಜು ತಾಗಿಲ್ಲ, ತಾಗಿಸುವುದೂ ಇಲ್ಲ.

ಪೇಂಟಿನಲ್ಲಿ ಒಂದು ಸಮಾಧಾನ ಇದೆ. ಪಿಯು, ಅಂದರೆ ಪಾಲಿಯುರೆಥೇನ್ ಪೇಂಟಿನ ಪದರ ಸ್ವಲ್ಪ ದಪ್ಪ ಇರುತ್ತದೆ. ಪಾಲಿಶ್ ಕೆಲಸ ಗೊತ್ತಿರುವ ಪೇಂಟರ್ ಕಾಂಪೌಂಡ್ ಅನ್ನೋ ಪಾಲಿಶ್ ಪೇಸ್ಟ್ ಹಾಕಿ ತಿಕ್ಕಿ ಬಫ್ ಮಾಡಿದರೆ ಇಂಥ ಮಂಕನ್ನು ಮತ್ತೆ ಹೊಳಪಿಗೆ ತರಬಹುದು. ಮೈಕಾಗೆ ಈ ಅವಕಾಶವೂ ಇಲ್ಲ. ನಿಮ್ಮ ಕಪಾಟಿಗೆ ಈಗಷ್ಟೇ ಪೇಂಟ್ ಆಗಿದ್ದರೆ ಇನ್ನೊಂದು ವಿಷಯ ನೆನಪಿರಲಿ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪೇಂಟು ಒಳಗಿಂದ ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಸುಮಾರು ಒಂದು ತಿಂಗಳು ಒಣ ಬಟ್ಟೆಯಲ್ಲಿ ಧೂಳು ತೆಗೆಯುವುದು ಬಿಟ್ಟು ಬೇರೇನೂ ಮಾಡಬೇಡಿ.

ಅಕ್ರಿಲಿಕ್ ಬಾಗಿಲಿನ ಬಗ್ಗೆ ಎರಡೇ ಮಾತು. ಸ್ಪಂಜು ಬೇಡ. ಗಾಜು ಒರೆಸುವ ಲಿಕ್ವಿಡ್ಡೂ ಬೇಡ, ಸ್ಯಾನಿಟೈಸರೂ ಬೇಡ. ಅಮೋನಿಯಾ, ಆಲ್ಕೋಹಾಲ್ ಎರಡೂ ಅಕ್ರಿಲಿಕ್ಕಿನಲ್ಲಿ ಕೂದಲಿನಂಥ ಬಿರುಕು ಹುಟ್ಟಿಸುತ್ತವೆ. ಅದರಲ್ಲೂ ಕೊರೆದ, ಬಗ್ಗಿಸಿದ ಜಾಗದಲ್ಲಿ. ನೋಡಲು ಗಾಜಿನ ಹಾಗೆ ಇರುವುದರಿಂದ ಕೈ ಸಹಜವಾಗಿ ಆ ನೀಲಿ ಬಾಟಲಿಗೆ ಹೋಗುತ್ತದೆ, ಅಲ್ವಾ? ಹೋಗದಿರಲಿ.

ಈ ಸ್ಪಂಜು ನಿಜವಾಗಿ ಗೆದ್ದದ್ದು ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಬಿಸಿಲಿಗೆ ಪ್ಲಾಸ್ಟಿಕ್ಕಿನ ಮೇಲ್ಪದರ ಒರಟಾಗಿ, ಪುಡಿಪುಡಿಯಾಗಿ, ಆ ಒರಟಿನೊಳಗೆ ಕೊಳೆ ಕೂತಿರುತ್ತದೆ. ಬ್ರಷ್ ಹಾಕಿ ತಿಕ್ಕಿದರೂ ಬೂದು ಬಣ್ಣ ಹೋಗುವುದಿಲ್ಲ. ಬ್ರಷ್ಷಿನ ಹಲ್ಲು ಆ ಸಣ್ಣ ಗುಳಿಗಳಿಗಿಂತ ದೊಡ್ಡದು. ಇಲ್ಲಿ ಮೆಲಮೈನಿನ ಸಣ್ಣ ಎಳೆಗಳೇ ಬೇಕು. ಮೊದಲು ಸೋಪು ನೀರಿನಲ್ಲಿ ತೊಳೆದು ಸಡಿಲ ಕೊಳೆ ಕಳೆದು, ಆಮೇಲೆ ಒದ್ದೆ ಸ್ಪಂಜಿನಲ್ಲಿ ಒಂದೊಂದು ಕೈಯಗಲ ಜಾಗ ಹಿಡಿದು ಉಜ್ಜಿ. ಕುರ್ಚಿಯ ತೋಳಿನ ಮೇಲೆ ಅರ್ಧ ಉಜ್ಜಿ ನಿಲ್ಲಿಸಿ ನೋಡಿದರೆ ಉಜ್ಜಿದ ಕಡೆ ಬಿಳಿ, ಉಳಿದ ಕಡೆ ಬೂದು, ನಡುವೆ ನೇರ ಗೆರೆ. ಅಷ್ಟು ಕೊಳೆ ಕೂತಿತ್ತು ಅಂತ ಆ ಗೆರೆ ನೋಡಿದ ಮೇಲೇ ಗೊತ್ತಾಗುವುದು. ಒಂದು ಕುರ್ಚಿಗೆ ಒಂದು ತುಂಡು ಪೂರ್ತಿ ಖರ್ಚಾಗುತ್ತದೆ, ಅದಕ್ಕೆ ತಯಾರಿರಿ. ಹೊಸ, ನುಣುಪಾದ ಪ್ಲಾಸ್ಟಿಕ್ ಕುರ್ಚಿಗೆ ಮಾತ್ರ ಇದನ್ನು ಹಚ್ಚಬೇಡಿ. ಇರುವ ನುಣುಪು ಹೋದರೆ ಕೊಳೆ ಇನ್ನೂ ಬೇಗ ಹಿಡಿಯುತ್ತದೆ.

ಸೋಫಾದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ರೆಕ್ಸಿನ್ ಆಗಲಿ, ಚರ್ಮ ಆಗಲಿ, ಈ ಸ್ಪಂಜು ಹತ್ತಿರ ಬರಬಾರದು. ಬಿಳಿ ಸೋಫಾದ ಮೇಲೆ ಹೊಸ ಜೀನ್ಸ್ ಹಾಕಿಕೊಂಡು ಕೂತವರ ನೀಲಿ ನೆರಳು ಅಂಟುತ್ತದಲ್ಲ, ಅದನ್ನು ತೆಗೆಯಲು ಎಷ್ಟೋ ಮಂದಿ ಇದನ್ನೇ ಹೇಳಿಕೊಡುತ್ತಾರೆ. ನೀಲಿ ಹೋಗುವುದೂ ನಿಜ. ಆದರೆ ಅದರ ಜೊತೆ ರೆಕ್ಸಿನ್ ಮೇಲಿನ ತೆಳು ರಕ್ಷಣೆಯ ಪದರವೂ ಹೋಗುತ್ತದೆ. ಮುಂದಿನ ಸಲ ಕೂತ ಜೀನ್ಸಿನ ಬಣ್ಣ ಇನ್ನೂ ಆಳಕ್ಕೆ ಇಳಿಯುತ್ತದೆ, ಆಮೇಲೆ ಯಾವುದಕ್ಕೂ ಬರುವುದಿಲ್ಲ. ನೀಲಿ ಹೊಸದಿದ್ದಾಗಲೇ, ಅಂದರೆ ಅದೇ ದಿನ, ಸೋಪು ನೀರು ಅದ್ದಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಬಹುಪಾಲು ಬಂದುಬಿಡುತ್ತದೆ. ನಮ್ಮಲ್ಲಿ ಸೋಫಾದ ಕೂರುವ ಜಾಗಕ್ಕೆ ಒಂದು ತೆಳು ಬಿಳಿ ಹತ್ತಿ ಬಟ್ಟೆ ಹಾಸುತ್ತೇವೆ. ಒಗೆದರೆ ಮುಗಿಯಿತು.

ಈಗ ನನಗೆ ಇಷ್ಟವಾದ ಭಾಗ. ಬಿಳಿ ಪೀಠೋಪಕರಣ ಕೊಳೆಯಾಗುವುದು ದೊಡ್ಡ ಕಲೆಗಳಿಂದಲ್ಲ, ಕೈಗಳಿಂದ. ಹಿಡಿಕೆಯ ಸುತ್ತ, ಡ್ರಾಯರಿನ ಮೇಲಂಚಿನಲ್ಲಿ, ಬಾಗಿಲು ತಳ್ಳುವ ಜಾಗದಲ್ಲಿ ಚರ್ಮದ ಎಣ್ಣೆ ದಿನಾ ಒಂದಿಷ್ಟು ಅಂಟುತ್ತದೆ. ಎಣ್ಣೆಗೆ ಧೂಳು ಕೂರುತ್ತದೆ, ಧೂಳಿನ ಮೇಲೆ ಮತ್ತೆ ಎಣ್ಣೆ. ನೋಡನೋಡುತ್ತಾ ಹಿಡಿಕೆಯ ಸುತ್ತ ಹಳದಿ ಮಿಶ್ರಿತ ಬೂದು ಮೋಡ. ಬರೀ ನೀರಿನಲ್ಲಿ ಒರೆಸಿದರೆ ಎಣ್ಣೆ ಅಲ್ಲೇ ಇರುತ್ತದೆ. ಸ್ಪಂಜಿನಲ್ಲಿ ಉಜ್ಜಿದರೆ ಎಣ್ಣೆಯೂ ಹೋಗುತ್ತದೆ, ಪೇಂಟೂ ಹೋಗುತ್ತದೆ. ಎಣ್ಣೆಗೆ ಬೇಕಾದದ್ದು ಸೋಪು, ಅಷ್ಟೇ.

ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮೂರ್ನಾಲ್ಕು ಹನಿ. ಇದಕ್ಕಿಂತ ಜಾಸ್ತಿ ಬೇಡ. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಅಂತ ಏನೂ ಇಲ್ಲ. ಉಳಿದ ಸೋಪು ಮೇಲ್ಮೈ ಮೇಲೆ ಅಂಟಂಟಾಗಿ ಕೂತು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಬಿಳಿಯ ಮೇಲೆ ಅದು ಬೇಗ ಕಾಣುತ್ತದೆ. ಬಟ್ಟೆ ಮೂರು ಬೇಕು: ಒಂದು ಸೋಪು ನೀರಿಗೆ, ಒಂದು ಬರೀ ನೀರಿಗೆ, ಒಂದು ಒಣದು. ನಾನು ಬಳಸುವುದು ಮೈಕ್ರೋಫೈಬರ್. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ತೀರಾ ಸಣ್ಣಗೆ ಸೀಳಿ ನೇಯುವುದರಿಂದ ಅದು ಜಿಡ್ಡನ್ನೂ ಧೂಳನ್ನೂ ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಬಟ್ಟೆ ಸ್ವಲ್ಪ ತಳ್ಳುತ್ತದೆ, ಇದು ಎತ್ತುತ್ತದೆ. ಒಗೆಯುವಾಗ ಫ್ಯಾಬ್ರಿಕ್ ಕಂಡಿಷನರ್ ಹಾಕಬಾರದು. ಅದು ಎಳೆಗಳ ಮೇಲೆ ಪದರ ಕಟ್ಟಿ ಬಟ್ಟೆಯ ಹಿಡಿತವನ್ನೇ ಕೊಲ್ಲುತ್ತದೆ. ಹಳೆಯ ಮೆತ್ತನೆ ಬನಿಯನ್ ಬಟ್ಟೆಯಲ್ಲೂ ಕೆಲಸ ಆಗುತ್ತದೆ. ಹೊಲಿಗೆ, ಗುಂಡಿ, ಒರಟು ಅಂಚು ಇಲ್ಲದಿದ್ದರೆ ಸಾಕು.

ಮೊದಲು ಒಣ ಧೂಳು ತೆಗೆಯಬೇಕು. ಈ ಹೆಜ್ಜೆ ಬಿಟ್ಟರೆ ಧೂಳಿನಲ್ಲಿರುವ ಮರಳಿನ ಕಣಗಳನ್ನೇ ಒದ್ದೆ ಬಟ್ಟೆಯಲ್ಲಿ ಎಳೆದಾಡಿದಂತಾಗುತ್ತದೆ. ಆ ಗೀರುಗಳ ಮುಂದೆ ಮೆಲಮೈನ್ ಸ್ಪಂಜೇ ವಾಸಿ. ಆಮೇಲೆ ಸೋಪು ನೀರಿನ ಬಟ್ಟೆ, ಹಿಂಡಿದ್ದು, ತೊಟ್ಟಿಕ್ಕುವಂತಿರಬಾರದು. ಸ್ಪ್ರೇ ಬಾಟಲಿ ಇದ್ದರೆ ಬಟ್ಟೆಗೆ ಹೊಡೆಯಿರಿ, ಕಪಾಟಿಗಲ್ಲ. ಇದಕ್ಕೆ ಕಾರಣ ಇದೆ. ಈಗಿನ ಬಿಳಿ ಪೀಠೋಪಕರಣದ ಒಳಗೆ ಬಹುತೇಕ ಇರುವುದು ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ನಾರು, ಚೂರುಗಳಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ. ಮುಖದ ಮೇಲೆ ನೀರು ಬಿದ್ದರೆ ಏನೂ ಆಗುವುದಿಲ್ಲ. ಅದೇ ನೀರು ಇಳಿದು ಅಂಚಿನ ಸಂದಿಯಲ್ಲಿ ಕೂತರೆ ಬೋರ್ಡ್ ಹೀರಿಕೊಂಡು ಉಬ್ಬುತ್ತದೆ. ಒಮ್ಮೆ ಉಬ್ಬಿದ ಎಂಡಿಎಫ್ ಒಣಗಿದರೂ ಮೊದಲಿನ ಹಾಗೆ ಕೂರುವುದಿಲ್ಲ.

ಆ ಅಂಚನ್ನು ಒಮ್ಮೆ ಹತ್ತಿರದಿಂದ ನೋಡಿ. ಟೇಬಲ್ಲಿನ ಮೇಲ್ಭಾಗ ಮತ್ತು ಬದಿಯ ಪಟ್ಟಿ ಸೇರುವಲ್ಲಿ ಒಂದು ಸಣ್ಣ ಗೆರೆ ಇರುತ್ತದೆ. ಬದಿಯ ಪಟ್ಟಿ ಅಂಟಿಸಿದ ಗೋಂದು ಅಲ್ಲಿ ಇಣುಕುತ್ತಿರುತ್ತದೆ. ಗೋಂದಿಗೆ ಕೊಳೆ ಹಿಡಿದು ಬಿಳಿ ಟೇಬಲ್ಲಿನ ಸುತ್ತ ಕಪ್ಪು ದಾರ ಹೊಲಿದ ಹಾಗಾಗುತ್ತದೆ. ಟೇಬಲ್ ಎಷ್ಟು ಒರೆಸಿದರೂ ಹಳೆಯದಾಗಿ ಕಾಣಲು ಈ ಗೆರೆಯೇ ಕಾರಣ. ಮೆಲಮೈನ್ ಸ್ಪಂಜಿನ ಮೊಂಡು ಮೂಲೆ ಅಲ್ಲಿಗೆ ಹೋಗುವುದಿಲ್ಲ. ಮೆತ್ತನೆ ಹಲ್ಲಿನ ಹಳೆಯ ಟೂತ್‌ಬ್ರಷ್ ಸೋಪು ನೀರಿನಲ್ಲಿ ಅದ್ದಿ, ಕೊಡವಿ, ಗೆರೆಯ ಉದ್ದಕ್ಕೂ ಮೆಲ್ಲಗೆ ಎಳೆಯುತ್ತೇನೆ. ಅಡ್ಡ ತಿಕ್ಕಿದರೆ ಪಟ್ಟಿ ಎದ್ದುಬರುತ್ತದೆ. ಹಿಂದೆಯೇ ಒಣ ಬಟ್ಟೆ. ನೀರು ಅಲ್ಲಿ ಒಂದು ನಿಮಿಷವೂ ನಿಲ್ಲಬಾರದು. ಈ ಗೆರೆ ಬಿಳಿಯಾದರೆ ಟೇಬಲ್ಲಿನ ಅರ್ಧ ವಯಸ್ಸು ಇಳಿಯುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಬದಿ ಮಾತ್ರ ಮಾಡಿ ದೂರ ನಿಂತು ನೋಡಿ.

ಕೊನೆಗೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಗ್ಲಾಸಿ ಮೇಲ್ಮೈಯಲ್ಲಿ ಸುತ್ತಿ ಸುತ್ತಿ ಒರೆಸಬೇಡಿ, ಮೇಲಿಂದ ಕೆಳಗೆ ನೇರವಾಗಿ ಎಳೆಯಿರಿ. ಒರೆಸಿದ ಗುರುತು ಉಳಿದರೂ ನೇರ ಗೆರೆಗಳು ಅಷ್ಟು ಕಣ್ಣಿಗೆ ಬೀಳುವುದಿಲ್ಲ.

ಯಾವ ಸ್ಪಂಜಿಗೂ, ಯಾವ ಸೋಪಿಗೂ ಬಗ್ಗದ್ದು ಒಂದಿದೆ. ಹಳದಿ. ಇದು ಕೊಳೆಯಲ್ಲ, ಮೇಲ್ಮೈಯೇ ಬದಲಾಗಿರೋದು. ಬಿಳಿ ಪೇಂಟಿಗೆ ಬಿಳುಪು ಕೊಡುವುದು ಟೈಟೇನಿಯಂ ಡೈಆಕ್ಸೈಡ್ ಪುಡಿ. ಅದು ಹಳದಿ ತಿರುಗುವುದಿಲ್ಲ. ತಿರುಗುವುದು ಆ ಪುಡಿಯನ್ನು ಹಿಡಿದಿಟ್ಟಿರುವ ಎಣ್ಣೆ ಅಥವಾ ರಾಳ. ಎಣ್ಣೆ ಆಧಾರದ ಎನಾಮೆಲ್ ಪೇಂಟ್ ಕತ್ತಲಲ್ಲಿ ಜಾಸ್ತಿ ಹಳದಿಯಾಗುತ್ತದೆ. ಬೆಳಕಿಗೆ ಒಡ್ಡಿದರೆ ಒಂದಿಷ್ಟು ತಿಳಿಯಾಗುವುದೂ ಉಂಟು. ಅದಕ್ಕೇ ಕಪಾಟಿನ ಬಾಗಿಲಿನ ಒಳಮೈ, ಹೊರಮೈಗಿಂತ ಮೊದಲು ಹಳದಿ ಬರುತ್ತದೆ. ಪ್ಲಾಸ್ಟಿಕ್ಕಿನದು ಇದಕ್ಕೆ ಉಲ್ಟಾ, ಅದು ಬಿಸಿಲಿಗೆ ಹಳದಿ. ಹೊಸದಾಗಿ ಬಿಳಿ ಮಾಡಿಸುವವರು ನೀರು ಆಧಾರದ ಅಕ್ರಿಲಿಕ್ ಪೇಂಟ್ ಕೇಳಿ, ಅದು ಎಣ್ಣೆ ಪೇಂಟಿನಷ್ಟು ಹಳದಿಯಾಗುವುದಿಲ್ಲ. ಪಿಯು ಮಾಡಿಸುವುದಾದರೆ ಹಳದಿಯಾಗದ ಜಾತಿಯದ್ದೇ ಬೇಕು ಅಂತ ಒತ್ತಿ ಹೇಳಿ. ಪಿಯುನಲ್ಲಿ ಎರಡೂ ಜಾತಿ ಇದೆ. ಇನ್ನು ರಬ್ಬರ್ ಕಾಲಿನ ಗಡಿಯಾರ, ರಬ್ಬರ್ ತಳದ ಮ್ಯಾಟು ಬಿಳಿಯ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಅದರೊಳಗಿನ ರಾಸಾಯನಿಕ ಪೇಂಟಿಗೆ, ರೆಕ್ಸಿನ್ನಿಗೆ ಇಳಿದು ಕಂದು ಉಂಗುರ ಬಿಡುತ್ತದೆ. ಅದು ಹೋಗುವ ಕಲೆಯಲ್ಲ. ಅಡಿಗೆ ಒಂದು ತುಂಡು ಫೆಲ್ಟ್ ಅಂಟಿಸಿಬಿಡಿ.

ಈ ಹಳದಿಗೆ ಹೆದರಿಯೇ ಜನ ಬ್ಲೀಚ್ ಬಾಟಲಿ ಎತ್ತಿಕೊಳ್ಳುವುದು. ಬ್ಲೀಚ್ ಪೇಂಟಿನ ರಾಳವನ್ನೂ ರೆಕ್ಸಿನ್ನನ್ನೂ ಕೆಡಿಸುತ್ತದೆ, ಹಳದಿಯನ್ನು ಜಾಸ್ತಿಯೂ ಮಾಡಬಹುದು. ಅದಕ್ಕಿಂತ ಮುಖ್ಯ, ಬ್ಲೀಚಿಗೆ ವಿನಿಗರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ವಿಷ. ಒಂದು ಹೋಗಲಿಲ್ಲ ಅಂತ ಅದರ ಮೇಲೇ ಇನ್ನೊಂದು ಸುರಿಯುವ ಅಭ್ಯಾಸ ಇರುವವರು ದಯವಿಟ್ಟು ನಿಲ್ಲಿಸಿ. ಟೂತ್‌ಪೇಸ್ಟ್ ಮತ್ತು ಅಡುಗೆ ಸೋಡಾ ಕೂಡ ಹೆರೆಯುವ ಪುಡಿಗಳೇ. ಮೆಲಮೈನ್ ಸ್ಪಂಜಿಗೆ ಹೇಳಿದ ಎಚ್ಚರಿಕೆ ಅವಕ್ಕೂ ಅನ್ವಯಿಸುತ್ತದೆ. ಮೇಲಾಗಿ ಸಂದಿಗಳಲ್ಲಿ ಬಿಳಿ ಪುಡಿ ಉಳಿಸಿ ಹೋಗುತ್ತವೆ. ಟೇಬಲ್ಲಿನ ಮೇಲ್ಭಾಗ ಅಮೃತಶಿಲೆ ಇದ್ದರೆ ವಿನಿಗರ್ ತೋರಿಸಲೇಬೇಡಿ. ಆಮ್ಲ ತಾಗಿದ ಕಲ್ಲು ಕರಗಿ ಮಂಕಾಗುತ್ತದೆ.

ಇನ್ನು ಸ್ಪಂಜು ಕೊಳ್ಳುವವರಿಗೆ ಕೆಲವು ಮಾತು. ಪ್ಯಾಕಿನಿಂದ ಪ್ಯಾಕಿಗೆ ಗುಣ ಬೇರೆ. ಕೆಲವು ತುಂಡು ಎರಡು ಸಲ ಉಜ್ಜುವಷ್ಟರಲ್ಲಿ ಪುಡಿಯಾಗುತ್ತವೆ. ಇನ್ನು ಕೆಲವು ಒತ್ತಿ ಮಾಡಿದವು, ಬಿಗಿಯಾಗಿರುತ್ತವೆ, ಜಾಸ್ತಿ ಹೊತ್ತು ಬಾಳುತ್ತವೆ, ಆದರೆ ಹೆರೆತವೂ ಜೋರು. ಪೀಠೋಪಕರಣಕ್ಕೆ ನನಗೆ ಸಡಿಲ ಜಾತಿಯೇ ವಾಸಿ. ಸೋಪು ಮೊದಲೇ ಹಾಕಿದ ತುಂಡುಗಳೂ ಬರುತ್ತವೆ. ಅವುಗಳ ಅಗತ್ಯ ನನಗೆ ಕಾಣಲಿಲ್ಲ. ಮಾಡಿದ ಮೇಲೆ ಮತ್ತೆ ಬರೀ ನೀರಿನಲ್ಲಿ ಒರೆಸುವ ಕೆಲಸ ಒಂದು ಜಾಸ್ತಿ.

ಇಡೀ ತುಂಡನ್ನು ಒಟ್ಟಿಗೆ ತೆಗೆಯಬೇಡಿ. ಒಣಗಿದ್ದಾಗಲೇ ಕತ್ತರಿಯಲ್ಲಿ ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿಟ್ಟುಕೊಳ್ಳಿ. ಒದ್ದೆ ಮಾಡಿ ಎರಡು ಅಂಗೈ ನಡುವೆ ಒತ್ತಿ ನೀರು ತೆಗೆಯಿರಿ. ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಅಲ್ಲೇ ಹರಿದುಹೋಗುತ್ತದೆ. ಒಣ ಸ್ಪಂಜನ್ನು ಯಾವತ್ತೂ ಉಜ್ಜಬೇಡಿ, ಒಣಗಿದ್ದಾಗ ಗೀರು ಜಾಸ್ತಿ. ಉಜ್ಜುವಾಗ ಸಣ್ಣ ಬಿಳಿ ಉರುಟುಗಳು ಉದುರುತ್ತವೆ. ಅದು ಸ್ಪಂಜಿನದೇ ಪ್ಲಾಸ್ಟಿಕ್. ನೀರಿನಲ್ಲಿ ಕರಗುವುದಿಲ್ಲ, ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಸಿಂಕಿಗೆ ತೊಳೆದುಬಿಡದೆ ಒದ್ದೆ ಕಾಗದದಲ್ಲಿ ಒತ್ತಿ ಎತ್ತಿ ಕಸಕ್ಕೆ ಹಾಕುತ್ತೇನೆ. ಈ ಸ್ಪಂಜನ್ನು ಕಡಿಮೆ ಬಳಸಬೇಕು ಅನ್ನೋದಕ್ಕೆ ನನ್ನ ಮಟ್ಟಿಗೆ ಇದೂ ಒಂದು ದೊಡ್ಡ ಕಾರಣ.

ಮಕ್ಕಳಿರುವ ಮನೆಯವರು ಇದನ್ನು ಗಮನಿಸಿ. ನೋಡಲು ಮೆತ್ತಗೆ, ಬಿಳಿ, ಆಟದ ಸಾಮಾನಿನಂತಿರುವುದರಿಂದ ಮಕ್ಕಳು ಕೈಗೆ, ಮುಖಕ್ಕೆ ಹತ್ತಿದ ಬಣ್ಣ ತೆಗೆಯಲು ಇದನ್ನೇ ಉಜ್ಜಿಕೊಳ್ಳುತ್ತಾರೆ. ಚರ್ಮ ತರಚಿ ಉರಿಯುತ್ತದೆ. ನನ್ನ ಕ್ಲಾಸಿನಲ್ಲಿ ಸ್ಪಂಜು ಮೇಲಿನ ಡ್ರಾಯರಿನಲ್ಲಿ ಇರುತ್ತದೆ, ತೆಗೆಯುವುದು ನಾನು ಮಾತ್ರ. ಟೇಬಲ್ಲಿನ ಎರಡೂ ತುದಿಯಲ್ಲಿ ಒಂದೊಂದು ಒದ್ದೆ ಬಟ್ಟೆ ಇಟ್ಟಿದ್ದೇನೆ. ಬಣ್ಣ ಹೊರಗೆ ಹೋದ ತಕ್ಷಣ ಮಕ್ಕಳೇ ಒರೆಸುತ್ತಾರೆ. ಹಸಿ ಇರುವಾಗಲೇ ಒರೆಸಿದ ವಾಟರ್ ಕಲರಿಗೆ, ಸ್ಕೆಚ್ ಪೆನ್ನಿಗೆ ಅಷ್ಟೇ ಸಾಕು. ಡ್ರಾಯರಿನಲ್ಲಿರುವ ಪ್ಯಾಕು ಹಾಗಾಗಿ ನಿಧಾನವಾಗಿ ಖರ್ಚಾಗುತ್ತಿದೆ, ಚಪ್ಪಲಿ ಗೀಟಿಗೆ, 6ಬಿ ಪೆನ್ಸಿಲಿಗೆ ಮತ್ತು ಹೊರಗಿನ ಕುರ್ಚಿಗಳಿಗೆ ಮಾತ್ರ.